ಅಕ್ಕಿಮುಡಿಯ ಕರಾವಳಿ ಮತ್ತು ಕಡಲ ರಹದಾರಿ

16ನೇ ಶತಮಾನದ ಮೊದಲ ವರ್ಷಗಳಿಂದ ಸುಮಾರು ಇನ್ನೂರೈವತ್ತು ವರ್ಷ ಕಾಲ ಅರಬ್ಬೀ ಸಮುದ್ರಕ್ಕೆ ಇಳಿದ ಸರಕುಹಡಗುಗಳ ನಾಕುದರು, ಎಂದರೆ ಹಡಗಿನ ಮುಖ್ಯಸ್ಥರು, ಒಂದು ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕಾಗಿತ್ತು. ಪೋರ್ಚುಗೀಸರು ಕೊಡುತ್ತಿದ್ದ ಈ ರಹದಾರಿಗೆ ಕಾರ್ತಾಜ್ ಎಂದು ಹೆಸರು. ಹಡಗಿನ ಹೆಸರು, ಅದರ ಗಾತ್ರ, ಒಡೆಯ ಯಾರು, ನಾಕುದ ಯಾರು, ಎಷ್ಟು ಜನ ಖಲಾಸಿಗಳು, ಎಷ್ಟು ಆಯುಧ, ಯಾವ ಬಂದರಿನಿಂದ ಯಾವ ಬಂದರಿಗೆ ಪ್ರಯಾಣ, ಇವೆಲ್ಲ ಅದರಲ್ಲಿ ಬರೆದಿರುತ್ತಿದ್ದವು. ಏನನ್ನು ಸಾಗಿಸಬಾರದು ಎಂಬ ಪಟ್ಟಿಯೂ ಇರುತ್ತಿತ್ತು. ಮೆಣಸು ಮತ್ತಿತರ ಸಾಂಬಾರ ಪದಾರ್ಥ, ಕುದುರೆ, ಕಬ್ಬಿಣ, ಮದ್ದುಗುಂಡು, ಗಂಧಕ ಆ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುತ್ತವೆ. ತುರ್ಕರನ್ನು ಹತ್ತಿಸಿಕೊಳ್ಳಬಾರದು, ದಾರಿಯಲ್ಲಿ ಪೋರ್ಚುಗೀಸ್ ಕೋಟೆಯಿರುವ ಬಂದರಿಗೆ ಹೋಗಿ ಸುಂಕ ಕಟ್ಟಬೇಕು ಎಂಬ ಷರತ್ತುಗಳೂ ಸೇರಿರುತ್ತಿದ್ದವು. ಕಾಗದ ಇಲ್ಲದ ಹಡಗು, ಅಥವಾ ಕಾಗದದಲ್ಲಿ ಬರೆದದ್ದಕ್ಕಿಂತ ಬೇರೆ ಸರಕು ತುಂಬಿದ ಹಡಗು, ಕಾವಲು ಪಡೆಯ ಕೈಗೆ ಸಿಕ್ಕಿದರೆ ಸರಕಿನ ಸಮೇತ ಜಪ್ತಿಯಾಗುತ್ತಿತ್ತು. ಎಷ್ಟೋ ಸಲ ಹಡಗಿನಲ್ಲಿದ್ದವರ ಪ್ರಾಣವೂ ಹೋಗುತ್ತಿತ್ತು.

ಕಾರ್ತಾಜ್‌ಗೆ ತೆರಬೇಕಾದ ಶುಲ್ಕ ಅಲ್ಪ. ಹೊರೆ ಇದ್ದದ್ದು ಅದರ ಹಿಂದೆ ಬರುವ ಸುಂಕದಲ್ಲಿ, ಮತ್ತು ಅದು ಒಪ್ಪಿಸಿಕೊಳ್ಳುತ್ತಿದ್ದ ತತ್ವದಲ್ಲಿ. ನಡುಗಡಲಿನಲ್ಲಿ ಯಾರು ಹೋಗಬಹುದು, ಯಾರು ಹೋಗಬಾರದು ಎಂದು ಹೇಳುವ ಅಧಿಕಾರ ಲಿಸ್ಬನ್ನಿನ ದೊರೆಗೆ ಇದೆ ಎಂಬುದೇ ಆ ತತ್ವ. ಈ ಅಧಿಕಾರವನ್ನು ಜಾರಿಗೆ ತರುವ ಪ್ರಯತ್ನಕ್ಕೆ ಅತಿ ಹತ್ತಿರದ ಸಾಕ್ಷಿಯಾದದ್ದು ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿ. ಗೋವಾಕ್ಕೆ ತೀರ ಸಮೀಪ ಇದ್ದದ್ದು ಒಂದು ಕಾರಣ. ಗೋವಾ ಉಣ್ಣುತ್ತಿದ್ದ ಅನ್ನ ಈ ಕರಾವಳಿಯ ಗದ್ದೆಗಳಲ್ಲಿ ಬೆಳೆಯುತ್ತಿತ್ತು ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಪೋರ್ಚುಗೀಸರು ಬರುವುದಕ್ಕೆ ಮುಂಚೆ ಕಡಲು ಎಲ್ಲರದೂ ಆಗಿತ್ತು, ಯಾರ ಕಟ್ಟುಪಾಡೂ ಇರಲಿಲ್ಲ ಎಂದು ಹೇಳುವುದು ವಾಡಿಕೆ. ಅದು ಅರ್ಧ ನಿಜ. 1342ರ ಸುಮಾರಿಗೆ ಈ ದಾರಿಯಲ್ಲಿ ಹೋದ ಇಬ್ನ್ ಬತೂತ ಬಾರ್ಕೂರಿನ ಒಂದು ಪದ್ಧತಿಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಊರಿನ ಮುಂದೆ ಹಾದು ಹೋಗುವ ಹಡಗು ಅಲ್ಲಿ ಲಂಗರು ಹಾಕಿ ಅರಸನಿಗೆ ಕಾಣಿಕೆ ಸಲ್ಲಿಸಬೇಕು. ಅದಕ್ಕೆ ಬಂದರಿನ ಹಕ್ಕು ಎಂದು ಹೆಸರು. ಕೊಡದೆ ಜಾರಿಕೊಂಡರೆ ಅರಸನ ಹಡಗುಗಳು ಬೆನ್ನಟ್ಟಿ ಹಿಡಿದು ತಂದು, ಎರಡು ಪಟ್ಟು ಸುಂಕ ಕಸಿದು, ಮನಸ್ಸು ಬಂದಷ್ಟು ದಿನ ತಡೆದು ನಿಲ್ಲಿಸುತ್ತಿದ್ದವು. ಬಾರ್ಕೂರಿನ ಅರಸನಿಗೆ ಸುಮಾರು ಮೂವತ್ತು ಯುದ್ಧನೌಕೆಗಳಿದ್ದವು, ಅವುಗಳ ಮುಖ್ಯಸ್ಥ ಒಬ್ಬ ಮುಸಲ್ಮಾನ ಎಂದೂ ಅವನು ಹೇಳುತ್ತಾನೆ. ಹೊನ್ನಾವರದ ಸುಲ್ತಾನ ಜಮಾಲುದ್ದೀನನ ನೌಕಾಬಲಕ್ಕೆ ಹೆದರಿ ಮಲಬಾರಿನವರು ಅವನಿಗೆ ವರ್ಷ ವರ್ಷ ಹಣ ಕೊಡುತ್ತಿದ್ದರು ಎಂಬುದೂ ಅದೇ ಪ್ರವಾಸಿಯ ಮಾತು.

ಬಿರುಗಾಳಿಗೆ ಸಿಕ್ಕಿ ದಡಕ್ಕೆ ಬಂದ ಹಡಗಿನ ವಿಷಯದಲ್ಲೂ ಬಂದರಿನಿಂದ ಬಂದರಿಗೆ ನಡೆ ಬೇರೆಯಾಗಿತ್ತು. 1442–43ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಕಲ್ಲಿಕೋಟೆಯಿಂದ ಮಂಗಳೂರಿನ ಮೂಲಕ ವಿಜಯನಗರಕ್ಕೆ ಹೋದ. ಬೇರೆ ಕಡೆ ದಿಕ್ಕು ತಪ್ಪಿ ಬಂದ ಹಡಗನ್ನು ದೇವರು ಕೊಟ್ಟದ್ದೆಂದು ಸೂರೆ ಮಾಡುತ್ತಾರೆ, ಕಲ್ಲಿಕೋಟೆಯಲ್ಲಿ ಮಾತ್ರ ಮುಟ್ಟುವುದಿಲ್ಲ ಎಂದು ಅವನು ಮೆಚ್ಚಿ ಬರೆದ. ಅದಕ್ಕೂ ಎರಡು ಶತಮಾನ ಮುಂಚೆ, 1244ರ ಸುಮಾರಿಗೆ, ಕಾಕತೀಯ ಗಣಪತಿದೇವ ಆಂಧ್ರದ ಮೋಟುಪಲ್ಲಿಯಲ್ಲಿ ಅಭಯಶಾಸನ ಹಾಕಿಸಿದ. ಚಂಡಮಾರುತಕ್ಕೆ ಸಿಕ್ಕಿ ಬಂದ ಹಡಗುಗಳ ಸರಕನ್ನು ಹಿಂದಿನ ಅರಸರು ಕಿತ್ತುಕೊಳ್ಳುತ್ತಿದ್ದರು, ತಾನು ಗೊತ್ತಾದ ಸುಂಕವನ್ನು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ ಎಂಬ ವಾಗ್ದಾನ ಅದು. ಕಲ್ಲಿಕೋಟೆ ಬೆಳೆದದ್ದು, ಮೋಟುಪಲ್ಲಿಗೆ ವರ್ತಕರು ಬಂದದ್ದು ಇಂಥ ಮಾತನ್ನು ಉಳಿಸಿಕೊಂಡದ್ದರಿಂದಲೂ ಹೌದು.

ಹಾಗಾದರೆ ಕರಾವಳಿಯಲ್ಲಿ ಕಟ್ಟುಪಾಡು ಇತ್ತು, ಬಲಾತ್ಕಾರವೂ ಇತ್ತು. ಆದರೆ ಅರಸನ ಕೈ ಅಳಿವೆಯ ಬಾಯಿಂದ ಬಹಳ ದೂರ ಚಾಚುತ್ತಿರಲಿಲ್ಲ. ಬಾರ್ಕೂರಿನವರ ಕಾಟ ತಡೆಯಲಾಗದವನು ಮುಂದಿನ ಸಲ ದಡದಿಂದ ದೂರ ಸರಿದು ಮಂಗಳೂರಿಗೆ ಹೋಗಬಹುದಿತ್ತು. ಆಡೆನ್ನಿನಿಂದ ಮಲಾಕ್ಕದವರೆಗಿನ ಇಡೀ ಸಮುದ್ರ ನನ್ನದು ಎಂದು ಹೇಳಿದ ಅರಸ ಯಾರೂ ಇರಲಿಲ್ಲ.

ಹಾಗೆ ಹೇಳುವ ಧೈರ್ಯ ಪೋರ್ಚುಗೀಸರಿಗೆ ಬಂದದ್ದು ಯುರೋಪಿನಲ್ಲಿ ಆದ ಒಂದು ಪಾಲುಪಟ್ಟಿಯಿಂದ. 1493ರಲ್ಲಿ ಪೋಪ್ ಹೊರಡಿಸಿದ ಆಜ್ಞಾಪತ್ರ, ಮರುವರ್ಷ ಸ್ಪೇನ್ ಮತ್ತು ಪೋರ್ಚುಗಲ್ ನಡುವೆ ಆದ ತೊರ್ದೆಸಿಲ್ಲಾಸ್ ಒಪ್ಪಂದ, ಎರಡೂ ಸೇರಿ ಅಟ್ಲಾಂಟಿಕ್ ಸಾಗರದ ಮೇಲೆ ಗೆರೆ ಎಳೆದು ಪೂರ್ವದ ದಾರಿಯನ್ನು ಪೋರ್ಚುಗಲ್ಲಿಗೆ ಬಿಟ್ಟವು. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆ ಮುಟ್ಟಿ ಹಿಂದಿರುಗಿದ ಮೇಲೆ ದೊರೆ ಮನುಯೆಲ್ ಇಥಿಯೋಪಿಯ, ಅರೇಬಿಯ, ಪರ್ಷಿಯ ಮತ್ತು ಇಂಡಿಯಾಗಳ ವಿಜಯ, ನೌಕಾಯಾನ ಮತ್ತು ವಾಣಿಜ್ಯಗಳ ಒಡೆಯ ಎಂಬ ಬಿರುದು ಧರಿಸಿದ. ಆ ಹೊತ್ತಿಗೆ ಅವನಿಗೆ ಈ ದೇಶಗಳಲ್ಲಿ ಒಂದು ಗೇಣು ನೆಲವೂ ಇರಲಿಲ್ಲ.

1502ರಲ್ಲಿ ಗಾಮ ಎರಡನೆಯ ಸಲ ಬಂದಾಗ ಬಿರುದಿಗೆ ತಕ್ಕ ಬಲ ತಂದಿದ್ದ. ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗೊಂದನ್ನು ಜನರ ಸಮೇತ ಸುಟ್ಟ. ಮಲಬಾರಿನ ಮಿತ್ರ ಅರಸರ ಹಡಗುಗಳಿಗೆ ಗುರುತಿನ ಕಾಗದ ಕೊಡುವ ಪದ್ಧತಿ ಆ ಪ್ರಯಾಣದಲ್ಲೇ ಶುರುವಾಯಿತು. ಕಾಗದ ಇದ್ದವರು ಮಿತ್ರರು, ಇಲ್ಲದವರು ಬೇಟೆ ಎಂಬ ವಿಂಗಡಣೆ ಅದು. ಭಟ್ಕಳದ ಮುಂದೆ ಬಂದು ನಿಂತಾಗ ಅವನು ಹಾಕಿದ ಷರತ್ತುಗಳನ್ನು ಇತಿಹಾಸಕಾರ ಗಾಸ್ಪರ್ ಕೊರೆಯಾ ಹೀಗೆ ದಾಖಲಿಸುತ್ತಾನೆ: ತುರ್ಕರನ್ನು ಬಂದರಿಗೆ ಸೇರಿಸಬಾರದು, ಮೆಣಸಿನ ವ್ಯಾಪಾರ ಮಾಡಬಾರದು, ಕಲ್ಲಿಕೋಟೆಗೆ ಹಡಗು ಕಳಿಸಬಾರದು, ವರ್ಷ ವರ್ಷ ಅಕ್ಕಿಯನ್ನು ಕಪ್ಪವಾಗಿ ಕೊಡಬೇಕು. ಅಕ್ಕಿಯ ಮಾತು ಮೊದಲ ಒಪ್ಪಂದದಲ್ಲೇ ಬಂದಿದೆ ಎಂಬುದನ್ನು ಗಮನಿಸಬೇಕು.

1505ರಲ್ಲಿ ಮೊದಲ ವೈಸರಾಯ್ ಫ್ರಾನ್ಸಿಸ್ಕೋ ಡಿ ಅಲ್ಮೈದ ಕಾರವಾರದ ಎದುರಿನ ಅಂಜುದೀವ ದ್ವೀಪದಲ್ಲಿ ಕೋಟೆ ಕಟ್ಟಲು ತೊಡಗಿ, ಹೊನ್ನಾವರದ ಹೊಳೆಯಲ್ಲಿದ್ದ ಹಡಗುಗಳನ್ನು ಸುಟ್ಟ. ಸುಟ್ಟವುಗಳಲ್ಲಿ ತಿಮ್ಮೋಜನ ಹಡಗುಗಳೂ ಇದ್ದವು. ಈ ತಿಮ್ಮೋಜನನ್ನು ಪೋರ್ಚುಗೀಸರು ಮೊದಲು ಕಡಲುಗಳ್ಳ ಎಂದೇ ಕರೆದರು. ಅವನು ಮಾಡುತ್ತಿದ್ದುದು ಬಿಜಾಪುರದವರ ಕೈಯಲ್ಲಿದ್ದ ಗೋವಾಕ್ಕೆ ಕುದುರೆ ಒಯ್ಯುವ ಹಡಗುಗಳನ್ನು ತಡೆದು ವಿಜಯನಗರದ ಬಂದರುಗಳ ಕಡೆಗೆ ತಿರುಗಿಸುವ ಕೆಲಸ. 1510ರಲ್ಲಿ ಅದೇ ತಿಮ್ಮೋಜ ಆಫೋನ್ಸೊ ಡಿ ಅಲ್ಬುಕರ್ಕ್‌ಗೆ ಗೋವಾ ಗೆಲ್ಲಲು ನೆರವಾದಾಗ ಕಳ್ಳನೆಂಬ ಹೆಸರು ಹೋಗಿ ಮಿತ್ರನಾದ. ಅವನ ಕಸುಬು ಮಾತ್ರ ಎರಡೂ ಕಾಲದಲ್ಲಿ ಒಂದೇ ಆಗಿತ್ತು. ಕಡಲುಗಳ್ಳ ಯಾರು, ಕಡಲ ಕಾವಲುಗಾರ ಯಾರು ಎಂಬ ತೀರ್ಮಾನ ಆ ಕಾಲದಲ್ಲಿ ಹೇಳುವವರ ಹಿತಕ್ಕೆ ತಕ್ಕಂತೆ ಬದಲಾಗುತ್ತಿತ್ತು. ಇಂದಿನ ಓದುಗರು ಹಳೆಯ ದಾಖಲೆಗಳಲ್ಲಿ ಆ ಪದ ಕಂಡಾಗಲೆಲ್ಲ ಇದನ್ನು ನೆನಪಿನಲ್ಲಿಡಬೇಕು.

1509ರ ಫೆಬ್ರವರಿಯಲ್ಲಿ ದೀವ್ ಬಳಿ ಈಜಿಪ್ಟಿನ ಮಮ್ಲೂಕರು, ಗುಜರಾತು ಮತ್ತು ಕಲ್ಲಿಕೋಟೆಯ ಕೂಟವನ್ನು ಅಲ್ಮೈದ ಸೋಲಿಸಿದ ಮೇಲೆ ಪೋರ್ಚುಗೀಸರಿಗೆ ಬಹುಕಾಲ ನಡುಗಡಲಿನಲ್ಲಿ ಎದುರಾಳಿ ಉಳಿಯಲಿಲ್ಲ. ಗೋವಾ, 1511ರಲ್ಲಿ ಮಲಾಕ್ಕ, 1515ರಲ್ಲಿ ಹೋರ್ಮುಜ್ ಅವರ ವಶವಾದವು. ಆಡೆನ್ ಮಾತ್ರ ಸಿಗಲಿಲ್ಲ, ಹಾಗಾಗಿ ಕೆಂಪು ಸಮುದ್ರದ ಬಾಗಿಲು ಕೊನೆಯವರೆಗೂ ಪೂರ್ತಿ ಮುಚ್ಚಲಿಲ್ಲ.

ಬೇರೆಯವರ ಹಡಗನ್ನು ನಡುದಾರಿಯಲ್ಲಿ ತಡೆಯುವುದಕ್ಕೆ ಯಾವ ನ್ಯಾಯ? ಈ ಪ್ರಶ್ನೆ ಪೋರ್ಚುಗೀಸರನ್ನೂ ಕಾಡಿತ್ತು. ಇತಿಹಾಸಕಾರ ಜುವಾವ್ ಡಿ ಬಾರ್ರೋಸ್ 1552ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಉತ್ತರ ಕೊಡಲು ಯತ್ನಿಸಿದ. ಕಡಲು ಎಲ್ಲರಿಗೂ ಸೇರಿದ್ದೆಂಬ ನಿಯಮ ಇರುವುದು ನಿಜ. ಆದರೆ ಅದು ರೋಮನ್ ಕಾನೂನನ್ನು ಒಪ್ಪಿ ನಡೆಯುವ ಕ್ರೈಸ್ತರ ನಡುವಿನದು, ಅದರ ಹೊರಗಿರುವ ಮುಸಲ್ಮಾನರಿಗೂ ಇತರರಿಗೂ ಅನ್ವಯಿಸುವುದಿಲ್ಲ ಎಂಬುದು ಅವನ ವಾದದ ಸಾರ. ಕಾನೂನು ತಮ್ಮ ಮತದವರಿಗೆ ಒಂದು, ಉಳಿದವರಿಗೆ ಇನ್ನೊಂದು ಎನ್ನುವ ಈ ವಾದ ನ್ಯಾಯದ ಯಾವ ತಕ್ಕಡಿಯಲ್ಲೂ ನಿಲ್ಲುವಂಥದಲ್ಲ.

ಕಾರ್ತಾಜ್‌ನ ಮೊದಲ ದೊಡ್ಡ ಪೆಟ್ಟು ಭಟ್ಕಳಕ್ಕೆ ಬಿತ್ತು. ವಿಜಯನಗರದ ಸೈನ್ಯಕ್ಕೆ ಅರಬ್ಬೀ ಕುದುರೆಗಳು ಇಳಿಯುತ್ತಿದ್ದ ಮುಖ್ಯ ಬಂದರು ಅದು. ಗೋವಾ ಕೈಗೆ ಬಂದ ಮೇಲೆ ಎಲ್ಲ ಕುದುರೆಗಳೂ ಅಲ್ಲೇ ಇಳಿಯಬೇಕೆಂದು ಪೋರ್ಚುಗೀಸರು ನಿಯಮ ಮಾಡಿದರು. ವಿಜಯನಗರ ಮತ್ತು ಬಿಜಾಪುರ ಎರಡೂ ಕುದುರೆಗಾಗಿ ಗೋವಾದ ಕಡೆ ಮುಖ ಮಾಡಬೇಕಾಯಿತು. 1547ರ ಸೆಪ್ಟೆಂಬರಿನಲ್ಲಿ ಗವರ್ನರ್ ಜುವಾವ್ ಡಿ ಕಾಸ್ತ್ರೊ ವಿಜಯನಗರದೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಗೋವಾದ ಕುದುರೆ ವಿಜಯನಗರಕ್ಕೆ ಮಾತ್ರ ಹೋಗಬೇಕು, ವಿಜಯನಗರದ ಕಬ್ಬಿಣ ಮತ್ತು ಪೆಟ್ಲುಪ್ಪು ಪೋರ್ಚುಗೀಸರಿಗೆ ಬರಬೇಕು ಎಂದು ಗೊತ್ತುಮಾಡಲಾಯಿತು. ಭಟ್ಕಳ ನಿಧಾನವಾಗಿ ಬಡವಾಯಿತು. 1542ರಲ್ಲಿ ಗವರ್ನರ್ ಮಾರ್ತಿಂ ಆಫೋನ್ಸೊ ಡಿ ಸೋಸ ಕಪ್ಪ ಬಾಕಿ ಇದೆ, ಕಡಲುಗಳ್ಳರಿಗೆ ಆಸರೆ ಸಿಕ್ಕಿದೆ ಎಂಬ ನೆಪದಿಂದ ಊರಿಗೆ ಬೆಂಕಿ ಇಟ್ಟು ಸೂರೆ ಮಾಡಿದ. ಆಗ ಅಲ್ಲಿ ಆಳುತ್ತಿದ್ದವಳು ಒಬ್ಬ ರಾಣಿ.

ಕುದುರೆಯ ಕಥೆಯಲ್ಲಿ ಪೋರ್ಚುಗೀಸರ ಕೈ ಮೇಲಿತ್ತು. ಅಕ್ಕಿಯ ಕಥೆಯಲ್ಲಿ ಹಾಗಿರಲಿಲ್ಲ. ಗೋವಾ ದ್ವೀಪದಲ್ಲಿ ಬೆಳೆಯುತ್ತಿದ್ದ ಭತ್ತ ಊರಿಗೆ ಸಾಲುತ್ತಿರಲಿಲ್ಲ. ಘಟ್ಟದ ಆಚೆಗಿನ ಬಿಜಾಪುರ ಶತ್ರುರಾಜ್ಯ. ಉಳಿದದ್ದು ಬಸರೂರು, ಬಾರ್ಕೂರು, ಮಂಗಳೂರು, ಹೊನ್ನಾವರಗಳ ಅಕ್ಕಿ. 1516ರ ಸುಮಾರಿಗೆ ಬರೆದ ದುವಾರ್ತೆ ಬಾರ್ಬೋಸ ಈ ಬಂದರುಗಳನ್ನು ಒಂದೊಂದಾಗಿ ಹೆಸರಿಸಿ, ಅಲ್ಲಿನ ಅಕ್ಕಿಯ ತಳಿಗಳನ್ನು ಬೇರೆ ಬೇರೆಯಾಗಿ ಗುರುತಿಸಿ, ಅಕ್ಕಿಯನ್ನು ಗೊತ್ತಾದ ಅಳತೆಯಲ್ಲಿ ಹುಲ್ಲಿನ ಕಟ್ಟುಗಳಾಗಿ ಕಟ್ಟುವುದನ್ನು ವರ್ಣಿಸುತ್ತಾನೆ. ಕರಾವಳಿಯ ಮನೆಗಳಲ್ಲಿ ಇತ್ತೀಚಿನವರೆಗೂ ಕಾಣುತ್ತಿದ್ದ ಅಕ್ಕಿಮುಡಿ ಅದೇ. ಮುಡಿಗಳು ಮಲಬಾರಿಗೂ ಹೋಗುತ್ತಿದ್ದವು, ಹೋರ್ಮುಜ್ ಮತ್ತು ಮಸ್ಕತ್ತಿಗೂ ಹೋಗುತ್ತಿದ್ದವು. ಮರಳುಗಾಡಿನ ಅಂಚಿನ ಆ ಬಂದರುಗಳೂ ತುಳುನಾಡಿನ ಗದ್ದೆಯನ್ನೇ ನಂಬಿದ್ದವು.

ಇದರಿಂದ ಕಾರ್ತಾಜ್ ಜಾರಿಯ ಒಳಗೆ ಒಂದು ವಿಚಿತ್ರ ಸಂಬಂಧ ಬೆಳೆಯಿತು. ಯಾರ ಹಡಗನ್ನು ತಡೆಯುವ ಅಧಿಕಾರ ತನಗಿದೆ ಎಂದು ಗೋವಾ ಹೇಳುತ್ತಿತ್ತೋ ಅವರ ಅಕ್ಕಿ ಬಾರದಿದ್ದರೆ ಗೋವಾದಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಬಸರೂರಿನ ವರ್ತಕರು ಇದನ್ನು ಬಹಳ ಬೇಗ ಅರಿತರು. ಗಂಗೊಳ್ಳಿ ಅಳಿವೆಯ ಒಳಗೆ, ಹೊಳೆಯ ದಂಡೆಯಲ್ಲಿದ್ದ ಆ ಪಟ್ಟಣದ ಆಡಳಿತ ಬಹುಮಟ್ಟಿಗೆ ಅಲ್ಲಿನ ಸೆಟ್ಟಿಗಳ ಮತ್ತು ಇತರ ವರ್ತಕರ ಕೈಯಲ್ಲೇ ಇತ್ತು. ಅವರು ಪೋರ್ಚುಗೀಸರಿಗೆ ಅಕ್ಕಿಯ ಕಪ್ಪ ಕೊಟ್ಟು ರಹದಾರಿ ಪಡೆದರು, ಗೋವಾಕ್ಕೆ ಅಕ್ಕಿ ಮಾರಿದರು, ಅದೇ ಹೊತ್ತಿಗೆ ಮಲಬಾರಿನ ಹಡಗುಗಳಿಗೂ ಸರಕು ತುಂಬಿದರು. ಮಲಬಾರಿನ ಸಣ್ಣ, ವೇಗದ ಪಡಾವುಗಳು ಕೆಸರು ತುಂಬಿದ ಹೊಳೆಗಳ ಒಳಗೆ ನುಗ್ಗಿ ಅಡಗುತ್ತಿದ್ದವು. ಭಾರವಾದ ಪೋರ್ಚುಗೀಸ್ ಹಡಗು ಅಲ್ಲಿ ಬರಲಾಗದೆ ಅಳಿವೆಯ ಹೊರಗೆ ಕಾಯಬೇಕಿತ್ತು. ಮಳೆಗಾಲದಲ್ಲಿ ಕಾಯುವುದೂ ಸಾಧ್ಯವಿರಲಿಲ್ಲ.

ಕಾವಲಿನ ರೀತಿ ಇದರಿಂದಾಗಿ ಬದಲಾಯಿತು. 16ನೇ ಶತಮಾನದ ಉತ್ತರಾರ್ಧದಲ್ಲಿ ಒಂಟಿ ಹಡಗುಗಳನ್ನು ಹುಡುಕಿ ಹಿಡಿಯುವುದರ ಜೊತೆಗೆ ವ್ಯಾಪಾರದ ದೋಣಿಗಳನ್ನು ಒಟ್ಟುಗೂಡಿಸಿ, ಮುಂದೆ ಹಿಂದೆ ಯುದ್ಧನೌಕೆ ಇಟ್ಟು ಸಾಗಿಸುವ ಕಾಫಿಲ ಪದ್ಧತಿ ಬಂತು. ಉತ್ತರಕ್ಕೆ ಖಂಬಾತಿನ ಕಾಫಿಲ, ದಕ್ಷಿಣಕ್ಕೆ ಕೆನರಾ ಎಂದು ಕರೆಯುತ್ತಿದ್ದ ಈ ಕರಾವಳಿಯ ಅಕ್ಕಿಯ ಕಾಫಿಲ. ಅಕ್ಕಿಯ ಕಾಫಿಲ ತಡವಾದ ವರ್ಷ ಗೋವಾದಲ್ಲಿ ಹಾಹಾಕಾರ ಏಳುತ್ತಿತ್ತು. ಹೆಸರಿಗೆ ಇದು ವರ್ತಕರಿಗೆ ಕೊಟ್ಟ ರಕ್ಷಣೆ. ಆದರೆ ಕಾಫಿಲದಲ್ಲಿ ಸೇರಿದ ದೋಣಿ ಗೋವಾದ ಸುಂಕದ ಕಟ್ಟೆಯನ್ನು ತಪ್ಪಿಸಿ ಹೋಗಲಾರದು ಎಂಬುದೂ ಅದರ ಲೆಕ್ಕಾಚಾರದಲ್ಲಿ ಸೇರಿತ್ತು. ಕೋಟೆಗಳ ಕಪ್ತಾನರು ಸ್ವಂತ ವ್ಯಾಪಾರಕ್ಕೆ ಕಾರ್ತಾಜ್ ಅಧಿಕಾರವನ್ನು ಬಳಸಿಕೊಂಡರು. ತಮಗೆ ಲಾಭ ತರುವವನಿಗೆ ಕಾಗದ ಕೊಟ್ಟು, ಸ್ಪರ್ಧಿಗೆ ತಡೆ ಹಾಕುವುದು ಅವರಿಗೆ ಸುಲಭವಾಗಿತ್ತು. ಕಾನೂನನ್ನು ಕಾಯಬೇಕಾದವನೇ ಅದೇ ಮಾರುಕಟ್ಟೆಯಲ್ಲಿ ವ್ಯಾಪಾರಿಯೂ ಆದಾಗ ಕಾನೂನಿನ ಮೇಲೆ ಯಾರಿಗೂ ವಿಶ್ವಾಸ ಉಳಿಯುವುದಿಲ್ಲ.

1565ರಲ್ಲಿ ವಿಜಯನಗರ ಸೋತ ಮೇಲೆ ಕರಾವಳಿಯ ಸಣ್ಣ ಅರಸರಿಗೆ ಬೆನ್ನಿಗೆ ನಿಲ್ಲುವವರು ಇಲ್ಲವಾದರು. ಪೋರ್ಚುಗೀಸರು 1568ರಲ್ಲಿ ಮಂಗಳೂರಿನಲ್ಲಿ, ಮರುವರ್ಷ ಹೊನ್ನಾವರ ಮತ್ತು ಬಸರೂರುಗಳಲ್ಲಿ ಕೋಟೆ ಹಿಡಿದು ಅಳಿವೆಗಳ ಮೇಲೆ ನೇರ ಹಿಡಿತ ಸಾಧಿಸಿದರು. ಎದುರು ನಿಂತವರಲ್ಲಿ ಉಳ್ಳಾಲದ ರಾಣಿ ಅಬ್ಬಕ್ಕನ ಹೆಸರು ಜನರ ಬಾಯಲ್ಲಿ ಇಂದಿಗೂ ಇದೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಯಕ್ಷಗಾನ ಮತ್ತು ಜನಪದ ಕಥೆಗಳು ಅಬ್ಬಕ್ಕನನ್ನು ಶೌರ್ಯದ ಮೂರ್ತಿಯಾಗಿ ಉಳಿಸಿಕೊಂಡಿವೆ, ಅದು ಸರಿಯೇ. ಆದರೆ ಆ ಹೋರಾಟದ ಹಿಂದೆ ಒಂದು ಸ್ಪಷ್ಟ ಕಾನೂನಿನ ಪ್ರಶ್ನೆಯೂ ಇತ್ತು. ತನ್ನ ಬಂದರಿನಿಂದ ತನ್ನ ಪ್ರಜೆಗಳ ಹಡಗು ಹೊರಡಲು ಮೂರನೆಯವನ ಅಪ್ಪಣೆ ಏಕೆ ಬೇಕು ಎಂಬುದೇ ಆ ಪ್ರಶ್ನೆ.

ನೆಲದ ಮೇಲೆ ದೊಡ್ಡ ಬಲವಿದ್ದವರಿಗೂ ಈ ಕಾಗದ ತಲೆನೋವಾಗಿತ್ತು. ಅಕ್ಬರ್ ಗುಜರಾತನ್ನು ಗೆದ್ದ ಮೇಲೆ ಹಜ್ ಯಾತ್ರೆಗೆ ಹೋಗುವ ಹಡಗುಗಳು ಅವನ ಹೊಣೆಯಾದವು. ಅವನ ಸೋದರತ್ತೆ ಗುಲ್ಬದನ್ ಬೇಗಂ 1575ರಲ್ಲಿ ಯಾತ್ರೆಗೆ ಹೊರಟು, ಕಾರ್ತಾಜ್ ವಿಷಯ ಇತ್ಯರ್ಥವಾಗದೆ ಸೂರತ್ತಿನಲ್ಲಿ ಸುಮಾರು ಒಂದು ವರ್ಷ ಕಾಯಬೇಕಾಯಿತು. ರಹದಾರಿಯ ಮೇಲೆ ಮೇರಿ ಮತ್ತು ಏಸುವಿನ ಚಿತ್ರ ಇರುತ್ತಿತ್ತು. ಅಂಥ ಕಾಗದ ಹಿಡಿದು ಹೋಗುವುದು ಧರ್ಮಕ್ಕೆ ವಿರುದ್ಧ, ಭೂಮಾರ್ಗದಲ್ಲಿ ಇರಾನಿನವರ ಕಾಟ, ಆದ್ದರಿಂದ ಈ ಕಾಲದಲ್ಲಿ ಹಜ್ ಕಡ್ಡಾಯವಲ್ಲ ಎಂದು ಮಖ್ದೂಮುಲ್ ಮುಲ್ಕ್ ಎಂಬ ಬಿರುದಿನ ಆಸ್ಥಾನದ ವಿದ್ವಾಂಸ ತೀರ್ಪು ಕೊಟ್ಟದ್ದನ್ನು ಬದಾಯೂನಿ ದಾಖಲಿಸಿದ್ದಾನೆ. ಅದೇ ಕಾಲದಲ್ಲಿ ಪೊನ್ನಾನಿಯ ಶೇಖ್ ಜೈನುದ್ದೀನ್ ತನ್ನ ಅರಬ್ಬೀ ಗ್ರಂಥದಲ್ಲಿ ಮಲಬಾರಿನ ಮಾಪಿಳ್ಳೆ ವರ್ತಕರು ಈ ಕಾಗದದಿಂದ ಪಟ್ಟ ಪಾಡನ್ನು ಬರೆದ. ಕಾರ್ತಾಜ್‌ಗೆ ಒಳಗಾದವರು ತಮ್ಮ ಮಾತಿನಲ್ಲೇ ಬರೆದಿಟ್ಟ ಬಹು ಬೆಲೆಯುಳ್ಳ ದಾಖಲೆ ಅದು.

ಕಾಗದಕ್ಕೆ ಕೊಟ್ಟ ಮಾತನ್ನು ಪೋರ್ಚುಗೀಸರೇ ಮುರಿದಾಗ ಏನಾಯಿತು ಎಂಬುದಕ್ಕೆ 1613ರ ರಹೀಮಿ ಪ್ರಕರಣ ಸಾಕ್ಷಿ. ಅದು ಜಹಾಂಗೀರನ ತಾಯಿ ಮರಿಯಮ್ ಉಜ್ ಜಮಾನಿಯ ಹಡಗು. ಕಾರ್ತಾಜ್ ಇತ್ತು, ನೂರಾರು ಯಾತ್ರಿಕರಿದ್ದರು. ಆದರೂ ಸೂರತ್ತಿನ ಬಳಿ ಪೋರ್ಚುಗೀಸರು ಅದನ್ನು ಹಿಡಿದು ಗೋವಾಕ್ಕೆ ಒಯ್ದರು. ಮೊಗಲರು ಇಂಗ್ಲಿಷರಿಗೆ ವ್ಯಾಪಾರಕ್ಕೆ ಅವಕಾಶ ಕೊಟ್ಟದ್ದಕ್ಕೆ ಪ್ರತೀಕಾರ ಅದು. ಜಹಾಂಗೀರನಿಗೆ ನೌಕಾಪಡೆ ಇರಲಿಲ್ಲ. ಅವನು ಪೋರ್ಚುಗೀಸರ ವ್ಯಾಪಾರ ನಿಲ್ಲಿಸಿದ, ಆಗ್ರಾದ ಚರ್ಚನ್ನು ಮುಚ್ಚಿಸಿದ, ದಮನ್ ಪಟ್ಟಣಕ್ಕೆ ಮುತ್ತಿಗೆ ಹಾಕಿಸಿದ. 1615ರಲ್ಲಿ ರಾಜಿಯಾಯಿತು. ಕಡಲಿನಲ್ಲಿ ಆದ ಅನ್ಯಾಯಕ್ಕೆ ನೆಲದ ಮೇಲೆ ದಂಡ ವಸೂಲು ಮಾಡುವ ದಾರಿ ಇದೆ ಎಂದು ಆ ಎರಡು ವರ್ಷಗಳಲ್ಲಿ ಎಲ್ಲರಿಗೂ ತಿಳಿಯಿತು.

ಈ ಹೊತ್ತಿಗೆ ಡಚ್ಚರು ಕಣಕ್ಕೆ ಇಳಿದಿದ್ದರು. 1603ರ ಫೆಬ್ರವರಿ 25ರಂದು ಸಿಂಗಪುರದ ಬಳಿ ಯಾಕೋಬ್ ವಾನ್ ಹೀಮ್ಸ್‌ಕೆರ್ಕ್ ಎಂಬ ಡಚ್ ನಾವಿಕ ಜೊಹೋರಿನವರ ನೆರವಿನಿಂದ ಸಾಂತಾ ಕತರೀನಾ ಎಂಬ ಪೋರ್ಚುಗೀಸ್ ಹಡಗನ್ನು ಹಿಡಿದ. ಚೀನಾದ ರೇಷ್ಮೆ ಮತ್ತು ಪಿಂಗಾಣಿ ಇದ್ದ ಅದರ ಸರಕು ಆಮ್ಸ್ಟರ್‌ಡ್ಯಾಮಿನ ಹರಾಜಿನಲ್ಲಿ ಮೂವತ್ತು ಲಕ್ಷ ಗಿಲ್ಡರಿಗೂ ಹೆಚ್ಚು ತಂದಿತು. ಇಂಥ ಹಣ ಧರ್ಮವೇ ಎಂದು ಡಚ್ ಈಸ್ಟ್ ಇಂಡಿಯಾ ಕಂಪನಿಯ ಪಾಲುದಾರರಲ್ಲೇ ಕೆಲವರು ಕೇಳಿದರು. ಅವರಿಗೆ ಉತ್ತರ ಬರೆಯುವ ಕೆಲಸ ಹ್ಯೂಗೋ ಗ್ರೋಷಿಯಸ್ ಎಂಬ ತರುಣ ವಕೀಲನಿಗೆ ಬಂತು. ಅವನು ಬರೆದ ದೊಡ್ಡ ಗ್ರಂಥದ ಒಂದು ಅಧ್ಯಾಯ 1609ರಲ್ಲಿ ಲೇಖಕನ ಹೆಸರಿಲ್ಲದೆ ಮಾರೆ ಲಿಬೆರುಮ್ (ಮುಕ್ತ ಕಡಲು) ಎಂಬ ಕಿರುಪುಸ್ತಕವಾಗಿ ಹೊರಬಂತು. ಇಡೀ ಗ್ರಂಥ ಬೆಳಕಿಗೆ ಬಂದದ್ದು 19ನೇ ಶತಮಾನದಲ್ಲಿ.

ಗ್ರೋಷಿಯಸ್‌ನ ವಾದ ಕಟ್ಟಿದ್ದು ಹೀಗೆ. ಪೂರ್ವದೇಶಗಳಿಗೆ ತಮ್ಮವೇ ಅರಸರು, ತಮ್ಮವೇ ಕಾನೂನು, ತಮ್ಮವೇ ಆಸ್ತಿಹಕ್ಕು ಇವೆ. ಪೋಪ್ ಅವುಗಳನ್ನು ಯಾರಿಗೂ ದಾನ ಕೊಡಲಾರ. ಕಡಲನ್ನು ಬೇಲಿ ಹಾಕಿ ಹಿಡಿಯಲಾಗದು, ಎಷ್ಟು ಬಳಸಿದರೂ ಅದು ಸವೆಯದು, ಆದ್ದರಿಂದ ಅದು ಯಾರ ಸೊತ್ತೂ ಆಗಲಾರದು. ಎಲ್ಲ ಜನಾಂಗಗಳಿಗೂ ಒಬ್ಬರೊಡನೆ ಒಬ್ಬರು ವ್ಯಾಪಾರ ಮಾಡುವ ಹಕ್ಕಿದೆ, ಅದನ್ನು ತಡೆಯುವವನ ಮೇಲೆ ಯುದ್ಧ ನ್ಯಾಯವೇ. ಬಾರ್ರೋಸ್ ಎಳೆದಿದ್ದ ಮತದ ಗೆರೆಯನ್ನು ಈ ವಾದ ಅಳಿಸಿಹಾಕಿತು. ಗ್ರೋಷಿಯಸ್‌ನ ದೊಡ್ಡ ಕೊಡುಗೆ ಅದು.

ಪೋರ್ಚುಗೀಸರ ಕಡೆಯಿಂದ ಸೆರಾಫಿಂ ಡಿ ಫ್ರೈಟಾಸ್ ಎಂಬ ಪಾದ್ರಿ ಪಂಡಿತ 1625ರಲ್ಲಿ ಉತ್ತರ ಕೊಟ್ಟ. ಕಡಲು ಸೊತ್ತಾಗದಿರಬಹುದು, ಆದರೆ ಅದನ್ನು ಕಾದು, ಕಳ್ಳರಿಂದ ರಕ್ಷಿಸಿ ನಡೆಸಿಕೊಂಡು ಬಂದವನಿಗೆ ಅದರ ಮೇಲೆ ಆಡಳಿತದ ಅಧಿಕಾರ ಬರುತ್ತದೆ ಎಂಬುದು ಅವನ ವಾದದ ಗಟ್ಟಿ ಭಾಗ. ಅದನ್ನು ಸುಲಭವಾಗಿ ತಳ್ಳಿಹಾಕಲಾಗದು. ಇಂದಿನ ಕರಾವಳಿ ರಾಷ್ಟ್ರಗಳು ತಮ್ಮ ಕಡಲಂಚಿನ ಮೇಲೆ ಹೇಳುವ ಹಕ್ಕಿನಲ್ಲಿ ಆ ಆಲೋಚನೆಯ ಅಂಶ ಇದೆ. ಇಂಗ್ಲೆಂಡಿನ ಜಾನ್ ಸೆಲ್ಡನ್ 1635ರಲ್ಲಿ ತನ್ನ ದೊರೆಯ ಸುತ್ತಣ ಕಡಲಿಗಾಗಿ ಇದೇ ಜಾತಿಯ ವಾದ ಹೂಡಿದ. ಇನ್ನು ಡಚ್ಚರ ನಡೆ ನೋಡಿದರೆ, 1613ರಲ್ಲಿ ಲಂಡನ್ನಿನಲ್ಲಿ, 1615ರಲ್ಲಿ ಹೇಗ್‌ನಲ್ಲಿ ಇಂಗ್ಲಿಷರೊಡನೆ ಮಾತುಕತೆಗೆ ಕೂತಾಗ, ಸಾಂಬಾರ ದ್ವೀಪಗಳ ವ್ಯಾಪಾರ ತಮಗೆ ಮಾತ್ರ ಸೇರಿದ್ದು ಎಂದು ವಾದಿಸಲು ಅವರು ಕಳಿಸಿದವರಲ್ಲಿ ಗ್ರೋಷಿಯಸ್ ಇದ್ದ. ಇಂಗ್ಲಿಷರು ಅವನ ಪುಸ್ತಕದ ಮಾತನ್ನೇ ಎತ್ತಿ ಅವನಿಗೆ ಉತ್ತರ ಹೇಳಿದರು. ಅರಸರೊಡನೆ ಮಾಡಿಕೊಂಡ ಕರಾರು ಬೇರೆ ಎಂದು ಅವನು ಸಮರ್ಥಿಸಿಕೊಂಡ. ಡಚ್ ಕಂಪನಿ ಮುಂದೆ ತನ್ನದೇ ರಹದಾರಿಗಳನ್ನು ಹೊರಡಿಸಿತು.

ಭಾರತದ ಕಾನೂನು ವಿದ್ವಾಂಸ ಆರ್. ಪಿ. ಆನಂದ್ 1980ರ ದಶಕದ ಆರಂಭದಲ್ಲಿ, ಅವರಿಗೂ ಮುಂಚೆ 1967ರಲ್ಲಿ ಸಿ. ಎಚ್. ಅಲೆಕ್ಸಾಂಡ್ರೊವಿಚ್, ಮುಕ್ತ ಕಡಲಿನ ಆಚಾರ ಹಿಂದೂ ಮಹಾಸಾಗರದಲ್ಲಿ ಗ್ರೋಷಿಯಸ್‌ಗಿಂತ ಎಷ್ಟೋ ಮುಂಚೆ ರೂಢಿಯಲ್ಲಿತ್ತು, ಅವನ ವಾದಕ್ಕೆ ಅದರ ಬಲ ಇತ್ತು ಎಂದು ತೋರಿಸಲು ಶ್ರಮಿಸಿದರು. ನಡುಗಡಲಿನ ಮಟ್ಟಿಗೆ ಅವರ ಮಾತು ನಿಲ್ಲುತ್ತದೆ. ಬಾರ್ಕೂರಿನ ಬಂದರು ಹಕ್ಕಿನಂಥ ಪದ್ಧತಿಗಳನ್ನು ನೋಡಿದರೆ ದಡದ ಹತ್ತಿರದ ನೀರಿಗೆ ಅದನ್ನು ಹಿಗ್ಗಿಸುವುದು ಕಷ್ಟ.

ಪುಸ್ತಕಗಳ ಜಗಳ ಯುರೋಪಿನಲ್ಲಿ ನಡೆಯುತ್ತಿದ್ದಾಗ ಕೆನರಾದಲ್ಲಿ ಕೆಳದಿಯ ಅರಸರು ಬಲಗೊಂಡರು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಪೋರ್ಚುಗೀಸ್ ರಾಯಭಾರಿಯೊಡನೆ ಅವರ ರಾಜಧಾನಿ ಇಕ್ಕೇರಿಗೆ ಬಂದಾಗ ವೆಂಕಟಪ್ಪ ನಾಯಕ ಅಲ್ಲಿ ಆಳುತ್ತಿದ್ದ. ರಾಯಭಾರಿ ಬಂದದ್ದು ಕೇಳಿಕೊಳ್ಳಲು, ಆಜ್ಞೆ ಹೊರಡಿಸಲು ಅಲ್ಲ. ಹಿಂದಿನ ವರ್ಷವಷ್ಟೇ ಇಂಗ್ಲಿಷರು ಮತ್ತು ಪರ್ಷಿಯನ್ನರು ಸೇರಿ ಹೋರ್ಮುಜನ್ನು ಕಿತ್ತುಕೊಂಡಿದ್ದರು. 1636ರಿಂದ 1644ರವರೆಗೆ ಡಚ್ಚರು ವರ್ಷ ವರ್ಷ ಗೋವಾದ ಬಾಗಿಲಿಗೆ ಬಂದು ದಿಗ್ಬಂಧನ ಹಾಕಿದರು. ಮಲಾಕ್ಕ 1641ರಲ್ಲಿ ಹೋಯಿತು, ಮಸ್ಕತ್ 1650ರಲ್ಲಿ ಹೋಯಿತು. 1652ರಿಂದ 1654ರೊಳಗೆ ಶಿವಪ್ಪ ನಾಯಕ ಬಸರೂರು, ಮಂಗಳೂರು, ಹೊನ್ನಾವರಗಳಿಂದ ಪೋರ್ಚುಗೀಸರನ್ನು ಹೊರಗಟ್ಟಿದ. ಸುಮಾರು 85 ವರ್ಷ ಅಳಿವೆಯ ಬಾಯಲ್ಲಿ ಕೂತಿದ್ದ ಕೋಟೆಗಳು ಎರಡು ಮೂರು ವರ್ಷದಲ್ಲಿ ಕೈಬಿಟ್ಟವು. ಕೊಚ್ಚಿ 1663ರಲ್ಲಿ ಡಚ್ಚರ ಪಾಲಾಯಿತು.

ಕೋಟೆ ಹೋದರೂ ಅಕ್ಕಿಯ ಅಗತ್ಯ ಹೋಗಲಿಲ್ಲ. 1671ರಲ್ಲಿ, ಮತ್ತೆ 1678ರಲ್ಲಿ ರಾಣಿ ಚೆನ್ನಮ್ಮಾಜಿಯ ಕಾಲದಲ್ಲಿ ಪೋರ್ಚುಗೀಸರು ಕೆಳದಿಯೊಡನೆ ಒಪ್ಪಂದ ಮಾಡಿಕೊಂಡು ವ್ಯಾಪಾರದ ಕೋಠಿಗಳಿಗೆ ಅನುಮತಿ ಪಡೆದರು. ಈಗ ಕೆಳದಿಗೆ ಆಯ್ಕೆಗಳಿದ್ದವು. ಮಸ್ಕತ್ತಿನ ಅರಬ್ಬರು ಪೋರ್ಚುಗೀಸರಿಂದ ಗೆದ್ದ ಬಲದಲ್ಲಿ ದೊಡ್ಡ ನೌಕಾಪಡೆ ಕಟ್ಟಿ ಮಂಗಳೂರಿನ ಅಕ್ಕಿಗೆ ಬರುತ್ತಿದ್ದರು. ಡಚ್ಚರೂ ಇಂಗ್ಲಿಷರೂ ಮೆಣಸಿಗೆ ಬರುತ್ತಿದ್ದರು. 1665ರಲ್ಲಿ ಶಿವಾಜಿ ಮಾಲವಣದಿಂದ ನೌಕಾಪಡೆ ತಂದು ಬಸರೂರನ್ನು ಲೂಟಿ ಮಾಡಿ ಹೋಗಿದ್ದ. ಒಂದೇ ಕಡಲಿನಲ್ಲಿ ಪೋರ್ಚುಗೀಸ್, ಡಚ್, ಇಂಗ್ಲಿಷ್ ರಹದಾರಿಗಳು ಚಲಾವಣೆಯಲ್ಲಿದ್ದವು. ಒಬ್ಬರ ಕಾಗದ ಇನ್ನೊಬ್ಬರಿಗೆ ಸಾಕ್ಷಿಯೂ ಆಗುತ್ತಿತ್ತು, ವೈರಿಯ ಗುರುತೂ ಆಗುತ್ತಿತ್ತು. ಯಾವ ಹಡಗು ಎದುರಾದಾಗ ಯಾವ ಕಾಗದ ತೋರಿಸಬೇಕು ಎಂಬ ತಿಳಿವಳಿಕೆ ನಾಕುದರಿಗೆ ಗಾಳಿಯ ದಿಕ್ಕಿನಷ್ಟೇ ಅಗತ್ಯವಾಯಿತು.

ಇದರ ಬೆಲೆ ತೆತ್ತದ್ದು ಹೆಚ್ಚಾಗಿ ದಡದ ಜನ. ತಮ್ಮ ವ್ಯಾಪಾರಕ್ಕೆ ಪೋರ್ಚುಗೀಸರು ಹಾಕಿದ ತಡೆಗೆ ಪ್ರತೀಕಾರವಾಗಿ ಅರಬ್ಬರು 1695ರಲ್ಲಿ ಮಂಗಳೂರಿಗೆ ಬಂದು ಸೂರೆ ಮಾಡಿ ಬೆಂಕಿ ಹಚ್ಚಿದರು. 1713ರಲ್ಲಿ ಗೋವಾದ ನೌಕಾಪಡೆ ಕೆನರಾದ ಬಂದರುಗಳ ಮೇಲೆ ದಾಳಿ ಮಾಡಿತು, ಮರುವರ್ಷ ಕೆಳದಿಯೊಡನೆ ಹೊಸ ಒಪ್ಪಂದವಾಯಿತು. ಗೋವಾಕ್ಕೆ ಅಕ್ಕಿ ಕೊಡಬೇಕು, ಅರಬ್ಬರನ್ನು ದೂರ ಇಡಬೇಕು ಎಂಬುದೇ ಅದರ ಹಿಂದಿನ ಒತ್ತಾಯ. ಇಬ್ಬರು ಬಲಿಷ್ಠರ ನಡುವಿನ ವ್ಯಾಜ್ಯದಲ್ಲಿ ಮೂರನೆಯವರ ಪೇಟೆ ಎರಡು ಸಲ ಉರಿಯಿತು. ಈ ಜನರ ನಷ್ಟದ ಲೆಕ್ಕ ಕಡಲ ಕಾನೂನಿನ ಯಾವ ಗ್ರಂಥದಲ್ಲೂ ಸೇರಿಲ್ಲ.

1695ರಲ್ಲೇ ಹೆನ್ರಿ ಎವರಿ ಎಂಬ ಇಂಗ್ಲಿಷ್ ಕಡಲುಗಳ್ಳ ಔರಂಗಜೇಬನ ಗಂಜ್ ಇ ಸವಾಯಿ ಹಡಗನ್ನು ಕೊಳ್ಳೆ ಹೊಡೆದ. ಔರಂಗಜೇಬ ಸೂರತ್ತಿನ ಇಂಗ್ಲಿಷ್ ಕೋಠಿಯವರನ್ನು ಸೆರೆಯಲ್ಲಿಟ್ಟು, ಯಾತ್ರಾ ಹಡಗುಗಳ ಕಾವಲನ್ನು ಯುರೋಪಿನ ಕಂಪನಿಗಳ ಹೊಣೆ ಮಾಡಿದ. ಕೆಲವೇ ವರ್ಷಗಳಲ್ಲಿ ಡಚ್ಚರು, ಇಂಗ್ಲಿಷರು, ಫ್ರೆಂಚರು ಕಡಲನ್ನು ಹಂಚಿಕೊಂಡು ಕಾವಲು ನಡೆಸಲು ಒಪ್ಪಬೇಕಾಯಿತು. ಕೊಂಕಣದಲ್ಲಿ ಕಾನ್ಹೋಜಿ ಆಂಗ್ರೆ ಇದೇ ಹತಾರವನ್ನು ಯುರೋಪಿನವರ ಮೇಲೆ ತಿರುಗಿಸಿದ. ಮರಾಠಾ ಛತ್ರಪತಿ ಶಾಹುವಿನ ಸರಖೇಲನಾಗಿ, ಎಂದರೆ ನೌಕಾಪಡೆಯ ಮುಖ್ಯಸ್ಥನಾಗಿ, ತನ್ನ ಕರಾವಳಿಯಲ್ಲಿ ಹೋಗುವ ಹಡಗು ತನ್ನ ದಸ್ತಕ, ಎಂದರೆ ರಹದಾರಿ, ಪಡೆಯಬೇಕೆಂದು ಹೇಳಿದ, ಪಡೆಯದವುಗಳನ್ನು ಹಿಡಿದ. ಪೋರ್ಚುಗೀಸರು ಎರಡು ಶತಮಾನ ಮಾಡಿದ್ದನ್ನೇ ಅವನು ಮಾಡಿದ್ದು. ಇಂಗ್ಲಿಷರು ಅವನನ್ನು ಕಡಲುಗಳ್ಳ ಎಂದರು. 1721ರಲ್ಲಿ ಇಂಗ್ಲಿಷರೂ ಪೋರ್ಚುಗೀಸರೂ ಸೇರಿ ಕೊಲಾಬದ ಮೇಲೆ ದಂಡೆತ್ತಿ ಹೋಗಿ ಸೋತು ಮರಳಿದರು.

ಹೈದರಾಲಿ 1763ರಲ್ಲಿ ಕೆಳದಿ ಅರಸರ ರಾಜಧಾನಿ ಬಿದನೂರನ್ನು ಗೆದ್ದಾಗ ಕೆನರಾದ ಬಂದರುಗಳು ಮೈಸೂರಿಗೆ ಸೇರಿದವು. ಅವನು ಮಂಗಳೂರು ಮತ್ತು ಹೊನ್ನಾವರಗಳಲ್ಲಿ ಕಟ್ಟಿದ ನೌಕಾಪಡೆಯನ್ನು 1768ರಲ್ಲಿ ಬೊಂಬಾಯಿಯಿಂದ ಬಂದ ಇಂಗ್ಲಿಷರು ವಶಪಡಿಸಿಕೊಂಡರು. ಟಿಪ್ಪು ಮಸ್ಕತ್ತಿನಲ್ಲಿ ವ್ಯಾಪಾರದ ಕೋಠಿ ತೆರೆದು, 1790ರ ದಶಕದಲ್ಲಿ ನಲವತ್ತು ಯುದ್ಧನೌಕೆಗಳನ್ನು ಕಟ್ಟುವ ಯೋಜನೆ ಹಾಕಿದ. ಅದು ಮುಗಿಯುವ ಮೊದಲೇ 1799ರಲ್ಲಿ ಅವನು ಇಂಗ್ಲಿಷರೊಡನೆ ಯುದ್ಧದಲ್ಲಿ ಮಡಿದ. ಅಲ್ಲಿಂದ ಮುಂದೆ ಈ ನೀರಿನಲ್ಲಿ ಇಂಗ್ಲಿಷರೊಡನೆ ಪೈಪೋಟಿ ಮಾಡುವ ಎರಡನೆಯ ಬಲ ಉಳಿಯಲಿಲ್ಲ, ಕಾರ್ತಾಜ್‌ಗೆ ಕೆಲಸವೂ ಉಳಿಯಲಿಲ್ಲ.

ದಡದಿಂದ ಎಷ್ಟು ದೂರದವರೆಗೆ ಅರಸನ ಅಧಿಕಾರ ಎಂಬ ಪ್ರಶ್ನೆಗೆ 18ನೇ ಶತಮಾನದ ಆರಂಭದಲ್ಲಿ ಡಚ್ ನ್ಯಾಯವಾದಿ ಬೈಂಕರ್ಸ್‌ಹುಕ್ ಫಿರಂಗಿಯ ಗುಂಡು ಮುಟ್ಟುವಷ್ಟು ದೂರ ಎಂಬ ಅಳತೆ ಹೇಳಿದ್ದ. 1982ರ ವಿಶ್ವಸಂಸ್ಥೆಯ ಕಡಲ ಕಾನೂನು ಒಡಂಬಡಿಕೆ ಅದನ್ನು 12 ನಾಟಿಕಲ್ ಮೈಲಿಗೆ ನಿಲ್ಲಿಸಿತು. ಒಡಂಬಡಿಕೆ 1994ರಲ್ಲಿ ಜಾರಿಗೆ ಬಂತು, ಭಾರತ 1995ರಲ್ಲಿ ಅನುಮೋದಿಸಿತು. ಅದರ ಪ್ರಕಾರ ನಡುಗಡಲಿನಲ್ಲಿರುವ ಹಡಗಿನ ಮೇಲೆ ಅದು ಯಾವ ದೇಶದ ಬಾವುಟ ಹಾರಿಸುತ್ತದೋ ಆ ದೇಶಕ್ಕೆ ಅಧಿಕಾರ. ಕಡಲುಗಳ್ಳತನ, ಗುಲಾಮರ ಸಾಗಣೆ, ಯಾವ ದೇಶಕ್ಕೂ ಸೇರದ ಹಡಗು ಮುಂತಾದ ಕೆಲವೇ ಸಂದರ್ಭಗಳಲ್ಲಿ ಬೇರೆ ದೇಶದ ಯುದ್ಧನೌಕೆ ಅದನ್ನು ತಡೆದು ಏರಿ ತಪಾಸಣೆ ಮಾಡಬಹುದು.

ಕಾನೂನು ಕಾಲೇಜುಗಳಲ್ಲಿ ಕಡಲ ಕಾನೂನಿನ ಪಾಠ ಸಾಮಾನ್ಯವಾಗಿ 1609ರ ಕಿರುಪುಸ್ತಕದಿಂದ ಶುರುವಾಗುತ್ತದೆ. ಕರ್ನಾಟಕದ ಕಾಲೇಜುಗಳಲ್ಲಾದರೂ ಅದಕ್ಕೆ ಮುಂಚೆ ಬಾರ್ಕೂರಿನ ಬಂದರು ಹಕ್ಕು, ಬಸರೂರಿನ ಅಕ್ಕಿಯ ಕರಾರು, ಕೆಳದಿಯ ಒಪ್ಪಂದಗಳು ಬರಬೇಕು. ಗೋವಾದ ಪತ್ರಾಗಾರದಲ್ಲಿರುವ ಪೋರ್ಚುಗೀಸ್ ಕಾಗದಗಳನ್ನು ಓದಿ ಕನ್ನಡಕ್ಕೆ ತರುವ ವಿದ್ವಾಂಸರು ಇನ್ನಷ್ಟು ಮಂದಿ ಬೇಕು.